ಪ್ರಾರ್ಥನೆ ಮುಗಿದ ಮೇಲಿನ ತಾಟು

ಉಪ್ಪಿಟ್ಟು ಬರುವ ಮೊದಲೇ ಅದರ ಜೊತೆಗೆ ಶಿರಾನೂ ಬರುತ್ತದೆಂದು ಡೋರಾಗೆ ಗೊತ್ತಿತ್ತು. ಗಂಡ ಪಾಲ್ ಸಪ್ಲಾಯರ್‌ನಿಗೆ ಬಿಡಿಸಿ ಬಿಡಿಸಿ ಹೇಳಿದ್ದ: ಉಪ್ಪಿಟ್ಟು ಅಷ್ಟ, ಶಿರಾ ಬ್ಯಾಡ, ಎಣ್ಣಿ ಕಡಿಮಿ ಇರಲಿ, ಮ್ಯಾಲೆ ಶೇವು ಉದುರಿಸಬ್ಯಾಡ, ಯಾಕಂದ್ರ ನನಗ ಶುಗರ್ ಐತಿ. ಸಪ್ಲಾಯರ್ ಎಲ್ಲಕ್ಕೂ ತಲೆಯಾಡಿಸಿ, ಅಡುಗೆಮನೆಯ ಕಿಟಕಿಯ ಹತ್ತಿರ ಹೋಗಿ, "ಶಿರಾ ಉಪ್ಪಿಟ್ಟು ಎರಡು" ಎಂದು ಕೂಗಿದ. ಅವನ ತಪ್ಪೇನೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ಬೆಳಗಿನ ಹೊತ್ತು ಅವೆರಡನ್ನು ಬೇರೆ ಮಾಡುವುದೆಂದರೆ ಮದುವೆಗೆ ಗಂಡನನ್ನು ಕರೆದು ಹೆಂಡತಿಯನ್ನು ಬಿಟ್ಟ ಹಾಗೆ. ಪ್ಲೇಟು ಬಂತು. ಒಂದು ಬೆಳ್ಳನೆಯ ಗುಡ್ಡ, ಒಂದು ಕೇಸರಿ ಗುಡ್ಡ, ನಡುವೆ ತುಪ್ಪದ ಸಣ್ಣ ಹಳ್ಳ. ಪಾಲ್ ಕಣ್ಣು ಮುಚ್ಚಿದ, ಅವಳೂ ಮುಚ್ಚಿದಳು. ಪಕ್ಕದ ಟೇಬಲ್ಲಿನವರು ಮಾತು ನಿಲ್ಲಿಸಿ ತಮ್ಮನ್ನೇ ನೋಡುತ್ತಿದ್ದಾರೆಂದು ಮುಚ್ಚಿದ ಕಣ್ಣೊಳಗಿಂದಲೇ ಅವಳಿಗೆ ಕಂಡಿತು. ಆಮೆನ್ ಅಂದದ್ದೇ ತಡ ಪಾಲ್ ಚಮಚೆಯಿಂದ ತನ್ನ ಶಿರಾವನ್ನು, ಹೊಲದ ಗಡಿಗೆ ಕಲ್ಲು ನೆಟ್ಟಂತೆ ಕರಾರುವಾಕ್ಕಾಗಿ ಕೊರೆದು, ಅವಳ ಪ್ಲೇಟಿಗೆ ದಾಟಿಸಿದ.

"ತಗೋ, ನೀ ತಿನ್ನು. ಕೆಡಸೂದು ಬ್ಯಾಡ."

ಅವಳು ತಿಂದಳು. ಮೊದಲು ಅವನದು, ಆಮೇಲೆ ತನ್ನದು. ಯಾವಾಗಲೂ ಇದೇ ಕ್ರಮ. ತನ್ನದನ್ನು ಮೊದಲು ತಿಂದರೆ ಹೊಟ್ಟೆ ತುಂಬಿ ಅವನದು ಉಳಿದೀತೆಂಬ ಅಂಜಿಕೆ. ಉಳಿಯುವಂತಿರಲಿಲ್ಲ. ಅವಳ ಅಪ್ಪ ಕ್ರೈಸ್ತ ಸಭೆಯ ಉಪದೇಶಿಯಾಗಿದ್ದ. ಧಾರವಾಡದ ಮಿಶನ್ ಕಂಪೌಂಡಿನ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಚಾಪೆ ಹಾಸಿ ಕೂತು ಬೈಬಲ್ಲಿನ ಕೀರ್ತನೆಗಳನ್ನು ಪುಸ್ತಕ ನೋಡದೆ ಹೇಳುತ್ತಿದ್ದ. ಹಿರಿಯ ಮಕ್ಕಳು ಅವನ ಹಿಂದೆ ಹೇಳುವವರು, ಡೋರಾ ಕೇಳುವವಳು. ಅರ್ಥವಾಗದ ದೊಡ್ಡ ಮಾತುಗಳು ಬೇಳೆ ಕುದಿಯುವ ವಾಸನೆಯ ಜೊತೆ ಬಂದು ಮೈಮೇಲೆ ಕೂರುತ್ತಿದ್ದವು. ಈಗಲೂ ಕೆಲವು ಸಾಲುಗಳು ಕಿವಿಗೆ ಬಿದ್ದರೆ ಅವಳಿಗೆ ಮೊದಲು ಹಸಿವೆಯಾಗುತ್ತದೆ, ಭಕ್ತಿ ಆಮೇಲೆ. ಕೀರ್ತನೆಯ ನಂತರ ಊಟದ ಪ್ರಾರ್ಥನೆ. ಪ್ರಾರ್ಥನೆ ಮುಗಿದ ಮೇಲೆ ತಾಟಿನಲ್ಲಿ ಏನಿದೆಯೋ ಅದು ಕೊಟ್ಟದ್ದು, ಅದರಲ್ಲಿ ಒಂದು ಅಗುಳೂ ಬಿಡುವಂತಿಲ್ಲ. "ಕೇಳಿ ಇಸ್ಕೊಂಡದ್ದನ್ನ ಬಿಟ್ಟು ಏಳಬಾರದವ್ವಾ, ಕೊಟ್ಟಾಂವ ನೋಡಾಕತ್ತಿರತಾನ," ಎನ್ನುತ್ತಿದ್ದ ಅಪ್ಪ. ಆ ನೋಡುವವನು ಇಷ್ಟು ವರ್ಷಗಳಲ್ಲಿ ಅವಳ ಮನಸ್ಸಿನೊಳಗೆ ಸ್ವಲ್ಪ ಸ್ವಲ್ಪವಾಗಿ ಗಲ್ಲಾದ ಮೇಲೆ ಕೂತ ಹೊಟೇಲು ಮಾಲೀಕನಂತಾಗಿದ್ದ. ಕನ್ನಡಕದ ಮೇಲಿಂದ ಎಲ್ಲರ ತಾಟನ್ನೂ ನೋಡುತ್ತಾನೆ, ಏನೂ ಅನ್ನುವುದಿಲ್ಲ. ಪಾಲ್‌ನೂ ಅದೇ ಸಭೆಯಲ್ಲಿ ಬೆಳೆದವನೇ, ಅವನಿಗೂ ಆ ನೇಮ ಗೊತ್ತು. ಅವನ ತಾಟು ಸದಾ ತೊಳೆದಿಟ್ಟ ಹಾಗೆ ಖಾಲಿ. ಅದರಲ್ಲಿದ್ದದ್ದು ಎಲ್ಲಿಗೆ ಹೋಯಿತೆಂದು ನೋಡುವವನು ಕೇಳಿರಲಿಲ್ಲ, ಪಾಲ್‌ನೂ ಕೇಳಿರಲಿಲ್ಲ.

ಪ್ರವಾಸದ ಮೂರನೆಯ ದಿನ. ಸೊಲ್ಲಾಪುರದಲ್ಲಿ ರೈಲ್ವೆ ನೌಕರಿ ಮುಗಿಸಿ, ನಿವೃತ್ತಿಯ ಹಾರ ಬಾಡುವ ಮೊದಲೇ ಪಾಲ್ ಈ ಪ್ರವಾಸ ಹಾಕಿದ್ದ. ಹುಟ್ಟಿ ಬೆಳೆದ ಸೀಮೆಗೆ ಬಂದು ಲಾಡ್ಜಿನಲ್ಲಿ ಇಳಿಯುವುದೆಂದರೆ ಅವಳಿಗೆ ಸಂಕೋಚ. ಹುಬ್ಬಳ್ಳಿಯಲ್ಲೇ, ಗೋಪನಕೊಪ್ಪದಲ್ಲಿ ಅವನ ಸ್ವಂತ ತಮ್ಮ ಜಾಯ್‌ನ ಮನೆಯಿತ್ತು, ಅಲ್ಲಿ ಖಾಲಿ ಕೋಣೆಯೂ ಇತ್ತು. ಆದರೆ ಪಾಲ್‌ನದೊಂದು ಸಿದ್ಧಾಂತ. ಬೀಗರು ಬಿಜ್ಜರ ಮನೆಯಲ್ಲಿ ಊಟಕ್ಕೆ ಕೂತರೆ ಒತ್ತಾಯ ಮಾಡಿ ಬಡಿಸಿ ಸಾಯಿಸುತ್ತಾರೆ. ಹೊಟೇಲಿನಲ್ಲಿ ನಾವು ಕೇಳಿದ್ದಷ್ಟೇ ಬರುತ್ತದೆ, ರೊಕ್ಕ ಕೊಡುವವನೇ ದೊರೆ. ಆದ್ದರಿಂದ ಆರೋಗ್ಯಕ್ಕೆ ಹೊಟೇಲೇ ಮೇಲು. ಮೊಬೈಲಿನಲ್ಲಿ ಯಾವನೋ ಡಾಕ್ಟರು ಹೇಳಿದ್ದನ್ನು ಅವನು ಬಾಯಿಪಾಠ ಮಾಡಿದ್ದ. ಹೊಟೇಲಿಗೆ ಹೋದಾಗ ಮೊದಲು ಸೌತೆಕಾಯಿ ತಿನ್ನಿ, ಕರಿದದ್ದು ಮುಟ್ಟಬೇಡಿ, ತಂಪು ಪಾನೀಯದ ಬದಲು ಮಜ್ಜಿಗೆ, ಉಂಡ ಮೇಲೆ ನಡಿಗೆ. ಎಲ್ಲಕ್ಕಿಂತ ಮುಖ್ಯ, ಹಂಚಿಕೊಂಡು ತಿನ್ನಿ. ಕೊನೆಯ ಸೂತ್ರವನ್ನು ಪಾಲ್ ಅಕ್ಷರಶಃ ಪಾಲಿಸುತ್ತಿದ್ದ. ಸೌತೆಕಾಯಿ ಅವನಿಗೆ, ಮಿಕ್ಕದ್ದು ಅವಳಿಗೆ. ಒಂದು ವರ್ಷದಲ್ಲಿ ಅವನ ಹೊಟ್ಟೆ ಇಳಿದಿತ್ತು, ಪ್ಯಾಂಟಿಗೆ ಬೆಲ್ಟು ಬೇಕಾಗಿತ್ತು, ಸಭೆಯಲ್ಲಿ ಪಾದ್ರಿ ಅಯ್ಯಗಳು ಕೂಡ "ಪಾಲ್ ಅವರ, ಹುಡುಗರಂಗ ಆಗೀರಲ್ರಿ" ಅಂದಿದ್ದರು. ಅದೇ ಭಾನುವಾರ ಅವಳು ರವಿಕೆಯ ಒಳಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡು ಬಂದಿದ್ದಳು. ಅವನು ಕಳೆದುಕೊಂಡ ತೂಕ ಎಲ್ಲೂ ಹೋಗಿರಲಿಲ್ಲ, ಆ ಬೆಂಚಿನ ಮೇಲೆಯೇ, ಅವನ ಪಕ್ಕದಲ್ಲಿಯೇ ಕೂತು ಹಾಡುತ್ತಿತ್ತು.

ಪ್ಲೇಟು ಖಾಲಿಯಾಯಿತು. ನಾಲಿಗೆಯ ಮೇಲೆ ಸಕ್ಕರೆಯ ಪದರು. ನಿನಗೂ ಬಂದೈತಿ ನೋಡು, ಎಂದು ಅವಳು ತನಗೆ ತಾನೇ ಹೇಳಿಕೊಂಡಳು, ಬೇರೆ ಯಾರಿಗೋ ಹೇಳಿದಂತೆ. ಸ್ತ್ರೀಸಮಾಜದವರು ಆರಾಧನೆಯ ನಂತರ ಇಟ್ಟ ಸಕ್ಕರೆ ತಪಾಸಣೆಯಲ್ಲಿ ಎಲ್ಲರೂ ಬೆರಳು ಕೊಟ್ಟರೆಂದು ಅವಳೂ ಕೊಟ್ಟಿದ್ದಳು. ನರ್ಸು ಯಂತ್ರವನ್ನು ನೋಡಿ, ಅವಳ ಮುಖ ನೋಡಿ, ಮತ್ತೆ ಯಂತ್ರ ನೋಡಿದ್ದಳು. ಮರುವಾರ ಟೇಲರ್ ಹತ್ತಿರ ಹೋಗುತ್ತೇನೆಂದು ಹೇಳಿ ಡಾಕ್ಟರ ಹತ್ತಿರ ಹೋಗಿದ್ದಳು. ಸಿಹಿ ನಿಲ್ಲಿಸ್ರಿ, ಅನ್ನ ಕಡಿಮಿ ಮಾಡ್ರಿ, ತಿಂಗಳಾದ ಮ್ಯಾಲೆ ಬರ್ರಿ, ಆವಾಗೂ ಹಿಂಗ ಇದ್ರ ಗುಳಿಗಿ ಚಾಲೂ ಮಾಡೂಣು, ಕಣ್ಣು ಕಿಡ್ನಿ ಹೋಗೋತನಕ ಕಾಯಬ್ಯಾಡ್ರಿ. ಆಗಲಿರಿ ಅಂದಿದ್ದಳು. ಮನೆಗೆ ಬಂದು ಹೇಳಬೇಕೆಂದು ಬಾಯಿ ತೆರೆದಾಗ ಪಾಲ್ ಫೋನಿನಲ್ಲಿ ಜಾಯ್‌ಗೆ ತನ್ನ ಸಕ್ಕರೆ ಎಷ್ಟು ಇಳಿದಿದೆಯೆಂದು ಹೇಳುತ್ತಿದ್ದ. ಆ ದನಿ ಅವಳಿಗೆ ಪರಿಚಿತ. ಹಿಂದೆ ರೈಲುಗಳ ಬಗ್ಗೆ ಹಾಗೆ ಮಾತಾಡುತ್ತಿದ್ದ, ಈಗ ರಕ್ತದ ಬಗ್ಗೆ. ತಾನು ಹೇಳಿದರೆ ತನ್ನದೂ ಆ ದನಿಯೊಳಗೆ ಸೇರಿಹೋಗುತ್ತದೆ. ನಾಳೆಯಿಂದ ಸಪ್ಲಾಯರುಗಳಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಅಯ್ಯಗಳಿಗೆ ಅವನು ಎರಡೂ ಸಕ್ಕರೆಗಳ ವರದಿ ಕೊಡುತ್ತಾನೆ. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಪೂರ್ತಿ ತನ್ನದೇ ಅನ್ನುವಂಥದ್ದು ಒಂದು ಸಿಕ್ಕಿದೆ, ಅದೂ ರೋಗ, ಅದನ್ನೂ ಕೊಟ್ಟುಬಿಡಬೇಕೆ. ಹೀಗೆ ಯೋಚಿಸಿದ್ದಕ್ಕೆ ನಾಚಿಕೆಯಾಯಿತು. ನಗುವೂ ಬಂತು.

"ಯಾಕ ನಗಾಕತ್ತಿ?"

"ಏನಿಲ್ಲರಿ. ಶಿರಾ ಛಲೋ ಇತ್ತು."

"ಹೌದಲ್ಲ? ವಾಸನಿ ಮ್ಯಾಲೆ ಗೊತ್ತಾತು ನನಗ," ಎಂದು ಪಾಲ್ ತ್ಯಾಗಿಯಂತೆ ಮುಖ ಮಾಡಿದ.

ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಎಸಿಯ ತಂಪು ಗಾಳಿ ಬೀಸುತ್ತಿತ್ತು. ಉಣಕಲ್ ಕೆರೆ ಬಂದು ಹೋಯಿತು. ನೀರಿನ ಮೇಲೆ ಬಿಸಿಲು ಒಡೆದ ಗಾಜಿನಂತೆ ಚೆಲ್ಲಿತ್ತು. ಕಿಟಕಿಯ ಪಕ್ಕ ಕೂತಾಗ ಅವಳಿಗೆ ಸಣ್ಣವಳಾದಂತೆ ಅನಿಸುತ್ತದೆ, ಹೊರಗಿನದೆಲ್ಲ ತನಗಾಗಿಯೇ ಓಡಿಬರುತ್ತಿರುವ ಹಾಗೆ. ಪಾಲ್ ಎದುರಿನ ಸೀಟಿನ ಮುದುಕನಿಗೆ ಬೆಳಗಿನ ಉಪ್ಪಿಟ್ಟಿನ ಕಥೆ ಹೇಳುತ್ತಿದ್ದ. ಮುದುಕ, "ನಂದೂ ಶುಗರ್ ಐತ್ರಿ, ನಾ ಏನೂ ಬಿಟ್ಟಿಲ್ಲ, ಬಿಟ್ಟರ ಅದು ಬ್ಯಾಸರಾಗಿ ಇನ್ನೂ ಕಾಡತೈತಿ," ಅಂದ. ಪಾಲ್‌ಗೆ ಸಿಟ್ಟು ಬಂತು. ಡೋರಾಗೆ ಮುದುಕನ ಮೇಲೆ ಪ್ರೀತಿ ಬಂತು. ಲಕಮನಹಳ್ಳಿಯಲ್ಲಿ ಅವನು ಇಳಿದುಹೋಗುವಾಗ ಕೈ ಬೀಸೋಣ ಅನಿಸಿತು, ಬೀಸಲಿಲ್ಲ. ತಿಂಗಳಾದ ಮೇಲೆ ಬರ್ರಿ ಎಂದಿದ್ದರು ಡಾಕ್ಟರು. ತಿಂಗಳು ಮುಗಿಯುತ್ತ ಬಂದಿತ್ತು. ಅದರಲ್ಲಿ ಒಂದು ದಿನವೂ ಅವಳು ಏನನ್ನೂ ನಿಲ್ಲಿಸಿರಲಿಲ್ಲ. ತನ್ನದನ್ನು ನಿಲ್ಲಿಸಬಹುದಿತ್ತು, ಅದೇನು ದೊಡ್ಡದಲ್ಲ. ಅವನದನ್ನು ಹೇಗೆ ನಿಲ್ಲಿಸುವುದೆಂದು ತಿಳಿದಿರಲಿಲ್ಲ.

ಧಾರವಾಡದಲ್ಲಿ ಪೇಡೆಯ ಅಂಗಡಿಯ ಮುಂದೆ ಸಾಲು. ಊರಿಗೆ ಒಯ್ಯುವ ಪೇಡೆ ಕಟ್ಟಿಸುವಾಗ ಅಂಗಡಿಯವನು ರುಚಿ ನೋಡಲೆಂದು ಇಬ್ಬರ ಅಂಗೈಗೂ ಒಂದೊಂದು ಬಿಸಿ ಪೇಡೆ ಇಟ್ಟ. ಪಾಲ್ ಅದನ್ನು ಮೂಗಿನ ಹತ್ತಿರ ಹಿಡಿದು, ಆಹಾ ಎಂದು, ಅವಳ ಅಂಗೈಗೆ ಹಾಕಿದ. ಇಲ್ಲಿ ಪ್ರಾರ್ಥನೆಯೂ ಆಗಿರಲಿಲ್ಲ, ಬಿಡಬಹುದಿತ್ತು. ಎರಡು ಪೇಡೆ ಹಿಡಿದು ನಿಂತವಳನ್ನು ಸಾಲಿನಲ್ಲಿದ್ದ ಹೆಂಗಸೊಬ್ಬಳು ನೋಡಿ, ಪಕ್ಕದವಳ ಕಿವಿಯಲ್ಲಿ ಏನೋ ಅಂದು ನಕ್ಕಳು. ಪುಕ್ಕಟೆ ಸಿಕ್ಕಿತೆಂದು ಎರಡೆರಡು ಇಸಿದುಕೊಂಡ ಮುದುಕಿ ಅಂದುಕೊಂಡಿರಬೇಕು. ಆ ಅವಮಾನ ಬೇಗ ಮುಗಿಯಲೆಂದು ಡೋರಾ ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡಳು. ರುಚಿಯೇ ಗೊತ್ತಾಗಲಿಲ್ಲ. ಹುಟ್ಟಿದೂರಿನ ಪೇಡೆ, ಬಿಸಿಯದು, ಎಷ್ಟೋ ವರ್ಷಗಳ ಮೇಲೆ. ಗುಳಿಗೆ ನುಂಗಿದಂತೆ ನುಂಗಿದ್ದಳು. ಹೊರಗೆ ಬಂದ ಮೇಲೆ ಅವಳಿಗೆ ಅಳು ಬಂದದ್ದು ರೋಗದ ಅಂಜಿಕೆಗಲ್ಲ, ಆ ರುಚಿ ಹೋಯಿತಲ್ಲ ಎಂಬುದಕ್ಕೆ.

ಮಧ್ಯಾಹ್ನಕ್ಕೆ ಪಾಲ್ ಆರಿಸಿದ್ದು ಸಣ್ಣದೊಂದು ಖಾನಾವಳಿ. ಜೋಳದ ರೊಟ್ಟಿ, ಹಸಿ ತೊಪ್ಪಲು, ಕಾಳಿನ ಪಲ್ಯ. ಜಗತ್ತಿನಲ್ಲಿ ಇದಕ್ಕಿಂತ ಆರೋಗ್ಯದ ಊಟವಿಲ್ಲವೆಂದು ದಾರಿಯುದ್ದಕ್ಕೂ ಹೇಳುತ್ತ ಬಂದ. ಒಳಗೆ ನಾಲ್ಕಾರು ಬೆಂಚು, ಗೋಡೆಗೆ ಕ್ಯಾಲೆಂಡರು, ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ಖಾನಾವಳಿಯ ಒಡತಿ ದುರಗವ್ವ ತಾನೇ ಬಡಿಸುತ್ತಿದ್ದಳು. ಎತ್ತರದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾಟುಗಳ ನಡುವೆ ಬೆಳೆ ನೋಡಲು ಹೊಲಕ್ಕೆ ಬಂದವಳ ಹಾಗೆ ಓಡಾಡುತ್ತಿದ್ದಳು. ಪಾಲ್ ತನ್ನ ವ್ಯಾಖ್ಯಾನ ಸುರು ಮಾಡಿದ. "ಅವ್ವಾರ, ನನಗ ಒಂದ ರೊಟ್ಟಿ, ಅನ್ನ ಬ್ಯಾಡ, ಎಣ್ಣಿಗಾಯಿ ಮ್ಯಾಲಿನ ಎಣ್ಣಿ ತಗದು—"

"ಎಣ್ಣಿ ತಗದ್ರ ಅದು ಬರೇ ಗಾಯಿ ಆಗತೈತಲ್ಲ ಸಾಹೇಬ್ರ," ಎಂದಳು ದುರಗವ್ವ. "ಕುಂದರ್ರಿ ಮದಲ. ಒಂದ ರೊಟ್ಟಿ ಉಣ್ಣಾಕ ಧಾರವಾಡತನಕ ಯಾಕ ಬಂದ್ರಿ?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ತಾಟು ಬಂತು: ಮಡಚಿದ ಬಿಸಿ ರೊಟ್ಟಿ, ಎಣ್ಣಿಗಾಯಿ, ಮಡಿಕೆ ಕಾಳು, ಶೇಂಗಾ ಚಟ್ನಿ, ಸೌತೆಕಾಯಿ, ಮೆಂತ್ಯ ಸೊಪ್ಪು, ಒಂದು ಹಸಿ ಉಳ್ಳಾಗಡ್ಡಿ. ಇಬ್ಬರ ತಾಟಿನಲ್ಲೂ ಸಿಹಿಯಿರಲಿಲ್ಲ. ಡೋರಾ ಅದನ್ನು ಎರಡೆರಡು ಸಲ ನೋಡಿ ಖಾತ್ರಿ ಮಾಡಿಕೊಂಡಳು. ಎದೆ ಹಗುರಾಯಿತು. ಇವತ್ತಿನ ಮಟ್ಟಿಗೆ ಏನೂ ಹೇಳಬೇಕಾಗಿಲ್ಲ. ಪಾಲ್ ಕಣ್ಣು ಮುಚ್ಚಿದ. ಹುಟ್ಟಿದೂರಿಗೆ ಬಂದ ಸಂತೋಷದಲ್ಲಿ ಅವನ ಪ್ರಾರ್ಥನೆ ಬೆಳೆಯಿತು. ತಂದೆ ತಾಯಿಗಳನ್ನು ನೆನೆದ, ಕಲಿಸಿದ ಮಾಸ್ತರರನ್ನು ನೆನೆದ, ಪ್ರಯಾಣ, ಹವಾ, ತಮ್ಮನ ಮನೆಯವರು, ರೊಟ್ಟಿ ಬಡಿಯುವ ಕೈಗಳು. ಅವಳಿಗೆ ಅಪ್ಪನ ದನಿ ಕೇಳಿದಂತಾಯಿತು, ಅದೇ ಏರು, ಅದೇ ಇಳಿತ. ಅವಳು ಕೇಳುತ್ತ ಕೂತಳು. ಹತ್ತಿರದಲ್ಲೇ ಬಳೆಗಳ ಸಪ್ಪಳವಾಯಿತು, ಯಾರೋ ಏನೋ ಒದರಿದರು, ಸೌಟು ಪಾತ್ರೆಗೆ ತಾಗಿತು, ಬೆಲ್ಲ ಮತ್ತು ಏಲಕ್ಕಿಯ ವಾಸನೆ ಮೂಗಿಗೆ ಬಂತು. ಅವೆಲ್ಲ ಪ್ರಾರ್ಥನೆಯೊಳಗಿನವೇ ಎಂದುಕೊಂಡು ಕಣ್ಣು ತೆರೆಯಲಿಲ್ಲ. ಪ್ರಾರ್ಥನೆಯ ನಡುವೆ ಕಣ್ಣು ತೆರೆಯುವವರಲ್ಲ ಅವರು.

ಆಮೆನ್.

ಇಬ್ಬರ ತಾಟಿನಲ್ಲೂ ಒಂದೊಂದು ವಾಟಿ ಗೋಧಿ ಹುಗ್ಗಿ, ಮೇಲೆ ತುಪ್ಪ ಕೆರೆ ಕಟ್ಟಿತ್ತು. ದುರಗವ್ವ ಪಾತ್ರೆಯನ್ನು ಸೊಂಟಕ್ಕಿಟ್ಟುಕೊಂಡು ಆಗಲೇ ಮುಂದಿನ ಬೆಂಚಿಗೆ ಹೋಗಿದ್ದಳು.

ಪಾಲ್ ಒಂದು ಗಳಿಗೆ ಬೆಪ್ಪಾಗಿ ನೋಡಿದ. ಆಮೇಲೆ ಏನೂ ಆಗದವನಂತೆ ತನ್ನ ವಾಟಿಯನ್ನು ಎರಡು ಬೆರಳಿನಿಂದ ಅವಳ ತಾಟಿನ ಕಡೆಗೆ ನೂಕಿದ. ಎರಡೂ ವಾಟಿಗಳು ಟಣ್ಣೆಂದು ತಾಗಿ ನಿಂತವು. "ತಗೋ. ಬೇಡಿಕೊಂಡದ್ದಾತು, ಇನ್ನ ಕೆಡಸಾಕ ಬರೂದಿಲ್ಲ," ಎಂದು ಸೌತೆಕಾಯಿಗೆ ಕೈ ಹಾಕಿದ.

ಅವಳ ಕೈ ಮುಂದೆ ಹೋಯಿತು, ರೂಢಿಯಂತೆ ಅವನ ವಾಟಿಗೇ ಮೊದಲು. ವಾಟಿ ಬಿಸಿಯಾಗಿತ್ತು. ಬೆರಳಿಗೆ ಚುರುಕ್ಕೆಂದಾಗ ತಪಾಸಣೆಯ ನರ್ಸು ಚುಚ್ಚಿದ ಬೆರಳೇ ಅದೆಂದು ಅವಳಿಗೆ ಅನಿಸಿತು, ಅಲ್ಲದಿರಬಹುದು. ಕಣ್ಣು, ಕಿಡ್ನಿ. ತಿನ್ನುವುದೊಂದೇ ಗೊತ್ತಿದ್ದ ತನ್ನ ಬಾಯಿ ಈಗ ಮಾತಾಡುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಮಾತು ಕೇಳಿಸಿದ ಮೇಲೆ ಅದು ತನ್ನದೆಂದು ತಿಳಿಯಿತು.

"ನನಗೂ ಐತಿ."

"ಹಾಂ, ನಿನಗೂ ಐತಿ, ಅದನ್ನೂ ತಿನ್ನು. ನೀಡ್ಯಾಳಲ್ಲ."

"ಹುಗ್ಗಿ ಅಲ್ಲರಿ. ಶುಗರ್."

ಪಾಲ್ ಸೌತೆಕಾಯಿ ಅಗಿಯುವುದನ್ನು ನಿಲ್ಲಿಸಿದ. "ಯಾರಿಗೆ?"

"ನನಗ. ಡಾಕ್ಟರ್ ಹತ್ರ ಹೋಗಿ ಬಂದೇನಿ. ಟೇಲರ್ ಕಡೆ ಹೊಂಟೇನಿ ಅಂದಿದ್ನಲ್ಲ, ಅವತ್ತ."

ಅವನ ಮುಖದಲ್ಲಿ ಏನೇನೋ ಹಾದುಹೋಯಿತು. ಶಿರಾ ಹಾದುಹೋಯಿತೆಂದು ಅವಳಿಗನಿಸಿತು, ಪೇಡೆ ಹಾದುಹೋಯಿತು, ಸೊಲ್ಲಾಪುರದ ಊಟದ ಟೇಬಲ್ಲು, ಹಬ್ಬಗಳು, ಮದುವೆ ಮನೆಗಳು. ಒಂದು ಕ್ಷಣ ಆ ಮುಖ ಎಷ್ಟು ಬರಿದಾಯಿತೆಂದರೆ ಅವಳಿಗೆ ಅಯ್ಯೋ ಅನಿಸಿತು. ಹೇಳಬಾರದಿತ್ತು, ಪ್ರವಾಸ ಮುಗಿಯಲಿ ಎಂದು ತಡೆಯಬಹುದಿತ್ತು. ಆದರೆ ಪಾಲ್ ಬಹಳ ಹೊತ್ತು ಬರಿದಾಗಿರುವವನಲ್ಲ. ಬೆನ್ನು ನೆಟ್ಟಗೆ ಮಾಡಿದ.

"ನೀ ಏನೂ ಚಿಂತಿ ಮಾಡಬ್ಯಾಡ. ಎಲ್ಲಾ ನಾ ನೋಡ್ಕೋತೇನಿ. ಮೆಂತ್ಯ ನೆನಿಸಿ ಇಡೂದು, ಮುಂಜಾನೆ ಇಬ್ಬರೂ ವಾಕಿಂಗ್, ನನ್ನ ಡಾಕ್ಟರಿಗೇ ತೋರ್ಸೂಣು." ಅವಳು ಬೇಡ ಅನ್ನುವಷ್ಟರಲ್ಲಿ ತಿರುಗಿ, ಖಾನಾವಳಿಗೆಲ್ಲ ಕೇಳುವ ಹಾಗೆ ಕರೆದ. "ಅವ್ವಾರ, ಇಲ್ಲಿ ಬರ್ರಿ ಸ್ವಲ್ಪ. ಇವರಿಗೂ ಶುಗರ್ ಐತ್ರಿ."

ಬೆಂಚುಗಳ ಮೇಲಿನ ತಲೆಗಳು ತಿರುಗಿದವು. ಅವಳು ಅಂಜಿದ್ದು ಇದಕ್ಕೇ, ಇಷ್ಟು ದಿನ ಬಾಯಿ ಬಿಗಿಹಿಡಿದದ್ದು ಈ ಒಂದು ಕೂಗಿಗೇ. ಈಗ ಅದು ಆಗಿಹೋಗಿತ್ತು. ನೋಡಿದವರು ನೋಡಿ, ತಮ್ಮ ತಮ್ಮ ರೊಟ್ಟಿಗೆ ತಿರುಗಿದರು. ಹಿಂದಿನ ಬೆಂಚಿನವನು ಚಟ್ನಿ ಕೇಳಿದ. ಅಷ್ಟೆ. ಅದು ಇಷ್ಟು ಸಣ್ಣದಾಗಿತ್ತೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ದುರಗವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇಬ್ಬರಿಗೂ ಐತೇನ? ಅದನ್ನ ನೀಡಾಕ ಬಂದಾಗ ಹೇಳಬೇಕಿಲ್ಲೋ? ನಾ ಹುಗ್ಗಿ ಹುಗ್ಗಿ ಅಂತ ಒದರಿದೆ, ಕಣ್ಣು ಮುಚ್ಚಿಕೊಂಡು ಕುಂತ್ರಿ. ಬ್ಯಾಡ ಅನ್ನಲಿಲ್ಲ, ನೀಡಿದೆ."

"ಇವರು ಏನಂತಾರ ಅಂದ್ರ—" ಎಂದು ಪಾಲ್ ಸುರು ಮಾಡಿದ.

"ನೀವು ಸುಮ್ನಿರ್ರಿ," ಎಂದಳು ಡೋರಾ. ಮೆಲ್ಲಗೇ ಅಂದಳು. ಅವಳು ದುರಗವ್ವನ ಕಡೆ ತಿರುಗಿ, "ನನ್ನ ವಾಟ್ಯಾಗಿಂದು ಎರಡು ತುತ್ತು ಇಟ್ಟು ಉಳಿದದ್ದು ತಗೀರಿ ಅವ್ವಾ. ಹೊಟ್ಟಿಗೆ ಸೇರೂದಿಲ್ಲ ಅಂತಲ್ಲ. ಬಾಳ ಸೇರತೈತಿ, ಅದಕ್ಕ," ಎಂದಳು.

ದುರಗವ್ವ ನಕ್ಕಳು. ಕೆಳಗೆ ಬಾಗಿ ವಾಟಿ ಎತ್ತಿ, ತಾಟಿನ ಅಂಚಿಗೆ ಒಂದಿಷ್ಟು ಸುರುವಿ, ಉಳಿದದ್ದನ್ನು ಒಯ್ಯುತ್ತ, "ಇದು ನಂದಾತು ಇನ್ನ. ಮುಂಜಾನಿಂದ ಬಾಯಾಗ ಏನೂ ಹಾಕಿಲ್ಲ," ಎಂದಳು. ಪಾಲ್ ತನ್ನ ವಾಟಿಯತ್ತ ಬೆರಳು ಮಾಡಿದ. ದುರಗವ್ವನ ಬೆನ್ನು ತಿರುಗಿತ್ತು.

ಡೋರಾ ಆ ವಾಟಿಯನ್ನು ತೆಗೆದುಕೊಂಡಳು. ಪಾಲ್ ನೆಮ್ಮದಿಯಿಂದ ಉಸಿರು ಬಿಡುವುದು ಅವಳಿಗೆ ಕೇಳಿಸಿತು. ಅದನ್ನು ಅವಳು ತುಪ್ಪ ತುಳುಕದಂತೆ ಎತ್ತಿ, ಟೇಬಲ್ಲು ದಾಟಿಸಿ, ಅವನ ತಾಟಿನ ನಡುಮಧ್ಯದಲ್ಲಿ ಇಟ್ಟಳು.

"ಇದು ನಿಮ್ಮ ತಾಟಿಂದು."

"ಮತ್ತ ಇದನ್ನ ಏನ ಮಾಡ್ಲಿ?"

"ನನಗೇನ ಗೊತ್ತರಿ."

"ಡೋರಾ, ಪ್ರಾರ್ಥನಿ ಆಗೈತಿ."

"ಆಗೈತಿ. ನೀವ ಮಾಡಿದ್ದು."

ಅವನು ಹುಗ್ಗಿಯನ್ನು ನೋಡಿದ, ಅವಳನ್ನು ನೋಡಿದ, ಹುಗ್ಗಿಯನ್ನು ನೋಡಿದ. ತಿನ್ನುವಂತಿಲ್ಲ, ಬಿಡುವಂತಿಲ್ಲ, ಅವಳು ಒಂದು ವರ್ಷ ದಿನವೂ ಕೂತ ಜಾಗದಲ್ಲಿ ಅವನು ಮೊದಲ ಸಲ ಕೂತಿದ್ದ. ಅವಳಿಗೆ ಕನಿಕರವಾಯಿತು, ಆದರೆ ಕೈ ಮುಂದೆ ಮಾಡುವಷ್ಟಲ್ಲ. ಕೊನೆಗೆ ಪಾಲ್ ಎದ್ದ. ವಾಟಿಯನ್ನು ಎರಡೂ ಕೈಯಲ್ಲಿ ಹಿಡಿದು, ತುಂಬಿದ ಹುಗ್ಗಿ ಚೆಲ್ಲದಂತೆ ಹೆಜ್ಜೆ ಎಣಿಸುತ್ತ, ಬೆಂಚುಗಳ ನಡುವಿನಿಂದ ಅಡುಗೆಮನೆಯ ಬಾಗಿಲಿಗೆ ಹೋದ. ಬಾಗಿಲಲ್ಲಿ ನಿಂತು, ಬಾಗಿ, ಅವನು ಏನೋ ಹೇಳಿಕೊಳ್ಳುವುದು ಕಂಡಿತು, ದನಿ ಮಾತ್ರ ಕೇಳಲಿಲ್ಲ. ದುರಗವ್ವನದು ಕೇಳಿತು. "ಗಟ್ಟಿಯಾಗಿ ಹೇಳ್ರಿ ಸಾಹೇಬ್ರ. ಬ್ಯಾಡ ಅನ್ನಾಕ ಅಷ್ಟ್ಯಾಕ ನಾಚ್ತೀರಿ?"

ಡೋರಾ ತಾಟಿನ ಅಂಚಿನ ಹುಗ್ಗಿಯನ್ನು ಬೆರಳಿನಿಂದ ತೆಗೆದು ಬಾಯಿಗಿಟ್ಟುಕೊಂಡಳು. ಗೋಧಿ ಒಡೆದಿತ್ತು, ಬೆಲ್ಲ ಹದವಾಗಿತ್ತು, ಗಸಗಸೆ ಹಲ್ಲಿಗೆ ಸಿಕ್ಕಿತು, ಎಲ್ಲೋ ಒಂದು ಕೊಬ್ಬರಿ ಚೂರು. ನುಂಗಲು ಅವಸರವೇನೂ ಇರಲಿಲ್ಲ. ಇನ್ನೊಂದು ತುತ್ತು ಇನ್ನೂ ತಾಟಿನಲ್ಲೇ ಇತ್ತು.